ಒಳಸುತ್ತಿನಲ್ಲಿ ಕೂತವಳು

"ಏನ್ ಮೇಷ್ಟ್ರೇ, ನಮ್ ಕೋಲಿಗೆ ಏಟು, ಪ್ರಮೋದಾ ಕೋಲಿಗೆ ಮುತ್ತಾ?"

ಪಕ್ಕದಲ್ಲಿ ಕೋಲು ಹಿಡಿದು ಕೂತಿದ್ದ ಭಾಗ್ಯಮ್ಮನ ಮಾತಿಗೆ ಬೂದಿಗೆರೆಯ ಶಾಲೆಯಂಗಳವೆಲ್ಲ ನಕ್ಕಿತು. ವೀಲ್‌ಚೇರ್‌ನಲ್ಲಿ ಕೂತಿದ್ದ ಪ್ರಮೋದಾ ನಗಲಿಲ್ಲ. ಮೇಷ್ಟ್ರು ಭಾನುಪ್ರಕಾಶನ ಕೋಲು ಇವತ್ತು ಮೆತ್ತಗೆ ಬಿದ್ದದ್ದು ಎಲ್ಲರಿಗಿಂತ ಮೊದಲು ತಿಳಿದದ್ದು ಅವಳಿಗೇ.

ಏರ್‌ಪೋರ್ಟ್‌ನಲ್ಲಿ ಕೆಲಸ, ಭಾನುವಾರ ಕೋಲಾಟದ ಪಾಠ. ಅದು ಅವನ ಬದುಕು. ಎರಡು ವರ್ಷದ ಹಿಂದೆ ಅವಳ ಮನೆ ಬಾಗಿಲಿಗೆ ಬಂದು ಕರೆದಿದ್ದ.

"ಎದ್ದು ನಿಲ್ಲೋಕಾಗ್ದೋಳು ಕುಣಿಯೋದಾ?" ಎಂದಿದ್ದಳು.

"ಒಳಸುತ್ತು ಕೂತಿರ್ಲಿ, ಹೊರಸುತ್ತು ತಿರುಗ್ಲಿ. ಕೋಲು ಹಿಡಿಯೋದು ಕೈಯಲ್ಲಿ ತಾನೇ?"

ಒಳಗೆ ಕೂತವರು ಆರು ಮಂದಿ, ಹೊರಗೆ ಸುತ್ತುವವರು ಆರು ಮಂದಿ. ಉಳಿದವರೆಲ್ಲ ಅವಳೆಲ್ಲಿ ಮುರಿದುಹೋಗುತ್ತಾಳೋ ಎಂಬಂತೆ ಕೋಲು ತಾಕಿಸುತ್ತಿದ್ದರು. ಅವನೊಬ್ಬನೇ ಅಂಗೈ ಜುಮ್ಮೆನ್ನುವಂತೆ ಹೊಡೆಯುತ್ತಿದ್ದ. ಒಂದು ಸುತ್ತಿಗೆ ಎರಡೇ ಏಟು. ಅಷ್ಟರಲ್ಲೇ ಹುಬ್ಬು ಹಾರಿಸಿ, ತುಟಿಯಂಚಿನಲ್ಲಿ ನಕ್ಕು ಮುಂದೆ ಸರಿಯುತ್ತಿದ್ದ. ತಲೆಯ ಮೇಲೆ ವಿಮಾನ ಇಳಿದು ಹಾಡು ಮುಳುಗಿದಾಗ, ದನಿಯಿಲ್ಲದೆ ಅವಳ ಹೆಸರು ಹೇಳಿ ಹೋಗುತ್ತಿದ್ದ. ಉಳಿದ ಐವರ ಕೋಲಿಗೆ ಅವಳು ಮುಖ ನೋಡದೆಯೇ ಕೋಲು ಕೊಡುತ್ತಿದ್ದಳು.

ಎಲ್ಲರೂ ಹೊರಟ ಮೇಲೆ ಕೇಳಿದಳು, "ಯಾಕ್ ಮೆಲ್ಲಗೆ ಹೊಡೆದ್ರಿ?"

ಅವನು ಕೋಲುಗಳನ್ನು ಚೀಲಕ್ಕೆ ತುಂಬುತ್ತಿದ್ದ. "ಬುಧವಾರ ನಿಶ್ಚಿತಾರ್ಥ. ತೂಬಗೆರೆ ಹುಡುಗಿ."

"ಮನೇಲಿ ನನ್ ವಿಷಯ..."

"ಹೇಳ್ದೆ. ಅಮ್ಮ ಒಂದೇ ಮಾತು ಕೇಳಿದ್ಳು, ಬಂದೋರಿಗೆ ಬೇಯ್ಸಿ ಹಾಕೋರು ಯಾರು ಅಂತ."

"ನೀವೇನಂದ್ರಿ?"

"ಏನನ್ಲಿ? ಉತ್ತರ ಗೊತ್ತಿರ್ಲಿಲ್ಲ."

"ನಮ್ಮನೇಲಿ ಎಷ್ಟು ಸಲ ಮುದ್ದೆ, ಬಸ್ಸಾರು ಉಂಡಿದ್ದೀರಾ ಮೇಷ್ಟ್ರೇ?"

"ಲೆಕ್ಕ ಇಲ್ಲ."

"ಯಾರ್ ಮಾಡಿದ್ದು ಅಂದ್ಕೊಂಡ್ರಿ?"

"ನಿಮ್ಮತ್ತಿಗೆ..."

"ಅತ್ತಿಗೆ ಬೆಳಗ್ಗೆ ಏಳಕ್ಕೆಲ್ಲ ಫ್ಯಾಕ್ಟರಿ ಬಸ್ ಹತ್ತುತ್ತಾರೆ."

ಒಲೆಗಟ್ಟೆಯನ್ನು ಕುರ್ಚಿಯ ಮಟ್ಟಕ್ಕೆ ತಗ್ಗಿಸಿ ಏಳು ವರ್ಷವಾಗಿತ್ತು. ಐದು ಜನಕ್ಕೆ ದಿನವೂ ಮುದ್ದೆ ಕಟ್ಟುವ ಕೈ ಅವಳದೇ. ಊಟಕ್ಕೆ ಕೂತವನು ಒಂದು ದಿನವೂ ಅಡುಗೆಮನೆಯ ಕಡೆ ತಿರುಗಿ ನೋಡಿರಲಿಲ್ಲ.

ಅವನ ಮುಖ ಇಳಿಯಿತು. "ಈಗ್ಲೇ ಹೋಗಿ ಅಮ್ಮಂಗೆ ಹೇಳ್ತೀನಿ."

"ಆಮೇಲೆ ಇನ್ನೊಂದು ಕೇಳ್ತಾರೆ. ಮಗು ಎತ್ಕೊಳ್ಳೋದು ಹೇಗೆ ಅಂತಾರೆ. ಆಗ್ಲೂ ಉತ್ತರಕ್ಕೆ ನನ್ನತ್ರ ಓಡಿ ಬರ್ತೀರಾ?"

ಅವನು ಇಲ್ಲವೆನ್ನಲಿ ಎಂದು ಕಾದಳು. ಎರಡು ವರ್ಷ ಕಾದದ್ದಕ್ಕಿಂತ ಆ ಒಂದು ಗಳಿಗೆ ಉದ್ದವಾಗಿತ್ತು. ಅವನು ಚೀಲದ ದಾರವನ್ನೇ ಸುತ್ತುತ್ತ, ಬಿಚ್ಚುತ್ತ ನಿಂತ.

"ಪ್ರೀತಿ ಸುಳ್ಳಲ್ಲ, ಪ್ರಮೋದಾ."

"ಗೊತ್ತು, ಭಾನು." ಮೊದಲ ಸಲ ಹೆಸರು ಹಿಡಿದು ಕರೆದಳು. "ನಂದೂ ಅಲ್ಲ. ಬುಧವಾರ ಒಳ್ಳೇದಾಗ್ಲಿ."

ಅವನು ಮಂಡಿಯೂರಿ ಅವಳ ಕೈ ಹಿಡಿದುಕೊಂಡ. ಸಾವಿರ ಸಲ ಕೋಲಿಗೆ ಕೋಲು ತಾಗಿತ್ತು. ಕೈಗೆ ಕೈ ಸೋಕಿದ್ದು ಇದೇ ಮೊದಲು. ಅವನ ಹಸ್ತ ಬೆಚ್ಚಗಿತ್ತು. ಹೀಗೇ ಇದ್ದುಬಿಡೋಣ ಎನ್ನಿಸಿತು ಅವಳಿಗೆ.

ಗೇಟಿನವರೆಗೆ ಏರು. ಗಾಲಿ ತಿರುಗಿಸಲು ಎರಡೂ ಕೈ ಬೇಕಿತ್ತು. ಅವಳೇ ಬಿಡಿಸಿಕೊಂಡಳು.