ಹಾಲಲ್ಲಿ ಅದ್ದಿದ ಕೈ

"ರಂಗಕ್ಕಾ, ಟೊಮೆಟೊ ಸಸಿ ಬಂದವೆ! ಮೊದಲ್ನೇದು ನಿನ್ ಕೈಯಾಗೇ ಆಗ್ಬೇಕು, ಬಾರಕ್ಕ!"

ಪಕ್ಕದ ಹೊಲದ ಸಿದ್ದಯ್ಯ ಬೇಲಿಯಾಚೆ ನಿಂತು ಕೂಗಿದ. ಜಗಲಿಯಲ್ಲಿ ಕೂತಿದ್ದ ರಂಗಲಕ್ಷ್ಮಮ್ಮ ಅಂಗೈಯಲ್ಲಿ ಹೊಗೆಸೊಪ್ಪು ತಿಕ್ಕುತ್ತಿದ್ದರು.

"ನಡಿಯಪ್ಪ, ಎಲೆಅಡಿಕೆ ಹಾಕ್ಕೊಂಡು ಬಂದೆ."

ಅಷ್ಟರಲ್ಲಿ ಮೊಮ್ಮಗಳು ಮಾನಸಾ ಗೇಟು ತಳ್ಳಿಕೊಂಡು ಬಂದಳು. ಶನಿವಾರ, ಅರ್ಧ ದಿನದ ಸ್ಕೂಲು. ಬಸ್ ಇಳಿದವಳು ಒಂದೇ ಉಸಿರಿಗೆ ಓಡಿ ಬಂದಿದ್ದಳು.

"ಅಜ್ಜೀ, ಹೋಗ್ಬೇಡ!"

"ಯಾಕಮ್ಮಿ? ನಾಯಿ ಅಟ್ಟಿಸ್ಕೊಂಡು ಬಂತಾ?"

ಮಾನಸಾ ಬಾಯಿ ತೆರೆದಳು. ಬೇಲಿಯಾಚೆ ಸಿದ್ದಯ್ಯ ಇನ್ನೂ ನಿಂತಿದ್ದ. ಹೇಳಬೇಕಾದದ್ದು ಅಷ್ಟು ಕಷ್ಟದ್ದಾಗಿತ್ತು.

ಊರಿನಲ್ಲಿ ಯಾರೇ ಟೊಮೆಟೊ ಹಾಕಲಿ, ಬದನೆ ಹಾಕಲಿ, ಮೊದಲ ಸಸಿ ನೆಡಲು ರಂಗಲಕ್ಷ್ಮಮ್ಮನೇ ಬರಬೇಕು. ಅವರ ಕೈಗುಣ ಚೆನ್ನಾಗಿದೆ ಅಂತ ಎಲ್ಲರ ನಂಬಿಕೆ. ಅಜ್ಜಿ ಮೇಲೆ ಮೇಲೆ "ಅಯ್ಯೋ ಬುಡ್ರಪ್ಪ" ಅನ್ನುತ್ತಿದ್ದರು, ಒಳಗೊಳಗೆ ಹಿಗ್ಗುತ್ತಿದ್ದರು. ಚೇಳೂರು ಸಂತೆಯಲ್ಲಿ ಯಾರಾದರೂ ಆ ಮಾತೆತ್ತಿದರೆ ಮುಗಿಯಿತು, ಅಜ್ಜಿಯನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟ.

ಈ ಸಲ ಮಾತ್ರ ಅಜ್ಜಿಯ ತೋಟವೇ ಕೆಟ್ಟಿತ್ತು. ಟೊಮೆಟೊ ಎಲೆಗಳ ಮೇಲೆ ತಿಳಿಹಸಿರು, ಕಡುಹಸಿರು ಮಚ್ಚೆಗಳು. ಗಿಡಗಳು ಕುಗ್ಗಿ ನಿಂತಿದ್ದವು. ಯಾರದೋ ಕಣ್ಣು ಬಿತ್ತು ಅಂತ ಅಜ್ಜಿ ಗೊಣಗಿದ್ದರು. ಮಾನಸಾ ಅಪ್ಪನ ಮೊಬೈಲಿನಲ್ಲಿ ಎಲೆಯ ಫೋಟೊ ತೆಗೆದು ಸೈನ್ಸ್ ಮಿಸ್‌ಗೆ ವಾಟ್ಸಾಪ್ ಮಾಡಿದ್ದಳು. ಮಿಸ್ ತಿಳಿದವರನ್ನು ಕೇಳಿ, ಇವತ್ತು ಸ್ಕೂಲು ಬಿಡುವಾಗ ಕರೆದು ಹೇಳಿದ್ದರು.

"ಇದು ವೈರಸ್ ಇರ್ಬೇಕು ಕಣೇ. ಟೊಮೆಟೊಗೆ ಬೇಕಾದಷ್ಟು ಥರದ ವೈರಸ್ ಬರುತ್ತೆ. ಎಲೆ ಮುದುಡಿಸೋದನ್ನ ಬಿಳಿನೊಣ ಹೊತ್ಕೊಂಡು ಬರುತ್ತೆ. ಈ ಮಚ್ಚೆ ವೈರಸ್‌ಗೆ ನೊಣ ಬೇಡ, ಮುಟ್ಟಿದ ಕೈ ಸಾಕು. ಹೊಗೆಸೊಪ್ಪಿನಲ್ಲೂ ಇದು ಇರ್ಬಹುದು. ನಿಮ್ಮನೇಲಿ ಯಾರಾದ್ರೂ ಹಾಕ್ತಾರಾ?"

ಮಾನಸಾ ಹೂಂ ಅಂದಿದ್ದಳು. ಆಮೇಲೆ ಸಿದ್ದಯ್ಯನ ನಾಟಿ ಇವತ್ತೇ ಅನ್ನುವುದು ನೆನಪಾಗಿ ಬಸ್ಸಿಗೆ ಓಡಿದ್ದಳು.

ದಿನಾ ಬೆಳಿಗ್ಗೆ ಅವಳಿಗೆ ಜಡೆ ಹಾಕುವುದು ಅದೇ ಕೈ. ಹೊಗೆಸೊಪ್ಪಿನ ಘಾಟು ಮೂಗಿಗೆ ಬಡಿದರೇನೇ ಅವಳಿಗೆ ಬೆಳಗಾಯಿತು ಅನ್ನಿಸುತ್ತಿತ್ತು. ಆ ಕೈಯಲ್ಲಿ ರೋಗ ಇದೆ ಅಂತ ಹೇಗೆ ಹೇಳುವುದು? ಅದೂ ಸಿದ್ದಯ್ಯನ ಎದುರಿಗೆ?

"ಅಜ್ಜಿ, ಒಂದ್ನಿಮಿಷ ಒಳಗ್ ಬಾ," ಅಂತ ಸೆರಗು ಹಿಡಿದು ಎಳೆದಳು.

ಅಡುಗೆಮನೆಯಲ್ಲಿ ಎಲ್ಲ ಹೇಳಿದಳು. ಹೇಳುತ್ತಾ ಹೇಳುತ್ತಾ ಅತ್ತೇಬಿಟ್ಟಳು.

ಅಜ್ಜಿ ತಮ್ಮ ಅಂಗೈಗಳನ್ನು ನೋಡಿಕೊಂಡರು.

"ನನ್ ಕೈಯಾ?" ಅಂದರು ಮೆಲ್ಲಗೆ. "ಗಿಡಕ್ಕೆ ದಾರ ಕಟ್ಟಿದ್ದೂ ನಾನೇ, ಚಿಗುರು ಚಿವುಟಿದ್ದೂ ನಾನೇ. ಸಾಲಿಂದ ಸಾಲಿಗೆ ನಾನೇ ಅಂಟಿಸ್ಕೊಂಡು ಹೋದ್ನಾ?"

ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡರು.

"ಸಿದ್ದಯ್ಯಂಗೆ ಬರಾಕಿಲ್ಲ ಅಂತೀನಿ ಬುಡು."

"ಹಂಗಲ್ಲ ಅಜ್ಜಿ! ಸೋಪ್ ಹಾಕಿ ಚೆನ್ನಾಗಿ ತೊಳ್ಕೊ. ಆಮೇಲೆ ಹಾಲಲ್ಲಿ ಕೈ ಅದ್ದಿ ನೆಟ್ರೆ ವೈರಸ್ ಅಂಟೋದು ಕಮ್ಮಿಯಂತೆ, ಮಿಸ್ ಹೇಳಿದ್ರು."

"ಹಾಲಾ? ಅದು ಕಾಫಿಗಿಟ್ಟಿದ್ದು ಕಣೇ!"

ಅಳುತ್ತಿದ್ದ ಮಾನಸಾಗೆ ನಗು ಬಂತು.

ಅಜ್ಜಿ ಬಾಯಿ ಮುಕ್ಕಳಿಸಿದರು. ತೋಟಕ್ಕೆ ಉಟ್ಟಿದ್ದ ಸೀರೆ ಬದಲಾಯಿಸಿದರು. ನಲ್ಲಿಯ ಕೆಳಗೆ ಉಗುರಿನ ಸಂದಿಯನ್ನೂ ಬಿಡದೆ ಉಜ್ಜಿ ಉಜ್ಜಿ ಕೈ ತೊಳೆದರು. ಮಾನಸಾ ಹಾಲಿನ ಚೊಂಬು ಹಿಡಿದು ಹಿಂದೆ ನಡೆದಳು.

ಹೊಲದಲ್ಲಿ ನಾಟಿಗೆ ಬಂದ ಹೆಂಗಸರು ಕಾಯುತ್ತಿದ್ದರು. ಬೀಡಿ ಸೇದುತ್ತಿದ್ದ ಸಿದ್ದಯ್ಯ ಚೊಂಬು ನೋಡಿ ಕಣ್ಣರಳಿಸಿದ.

"ಏನಕ್ಕ, ಹಾಲೂ ತಂದಿದೀಯ? ಹೊಸಾ ಪೂಜೆನಾ?"

ಹೂಂ ಅಂದುಬಿಟ್ಟರೆ ಆಗಿತ್ತು. ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಮಾನಸಾ ಅಜ್ಜಿಯ ಮುಖ ನೋಡಿದಳು.

"ಪೂಜೆ ಅಲ್ಲ ಕಣಪ್ಪ," ಅಂದರು ಅಜ್ಜಿ, ಎಲ್ಲರಿಗೂ ಕೇಳುವ ಹಾಗೆ. "ನನ್ ತೋಟ ಕೆಟ್ಟಿದ್ದು ನನ್ನ ಹೊಗೆಸೊಪ್ಪಿನ್ ಕೈಯಿಂದ್ಲೇ ಇರ್ಬೇಕು. ಈ ಮಗ ಹೇಳ್ದಿದ್ರೆ ನಿನ್ ಹೊಲಾನೂ ಕೆಡಿಸ್ಬುಡ್ತಿದ್ದೆ. ನೀನೂ ಬೀಡಿ ಬಿಸಾಕು, ಹೋಗಿ ಕೈ ತೊಳಿ!"

ಹೆಂಗಸರು ಗೊಳ್ಳೆಂದು ನಕ್ಕರು. ಸಿದ್ದಯ್ಯ ತಲೆ ಕೆರೆದುಕೊಂಡು ಬೋರ್‌ವೆಲ್ ಕಡೆ ನಡೆದ. ಕೈ ತೊಳೆದು ಬಂದವನು ಮಾನಸಾ ಮುಂದೆ ನಿಂತ.

"ಬದುಕಿಸ್ದೆ ಕಣವ್ವ. ನಮ್ ವರ್ಷದ ಅನ್ನ ಇದ್ರಾಗೇ ಐತೆ."

ಅಜ್ಜಿ ಹಾಲಿನಲ್ಲಿ ಕೈ ಅದ್ದಿ ಮೊದಲ ಸಸಿ ನೆಟ್ಟರು. ಬುಡಕ್ಕೆ ಮೆಲ್ಲಗೆ ಮಣ್ಣು ಒತ್ತಿದರು.

ವಾಪಸ್ ಬರುವಾಗ ಬದುವಿನ ಮೇಲೆ ಅಜ್ಜಿ ನಿಂತರು.

"ನಾಳೆ ನಮ್ ತೋಟದ ಕೆಟ್ಟ ಗಿಡ ಕಿತ್ತು ಸುಟ್ಬುಡಾನ. ನೀನೂ ಬಾ."

"ಹೂಂ ಅಜ್ಜಿ. ಬೇಜಾರಾಯ್ತಾ?"

"ಆಯ್ತು. ಅವ್ನ ಮುಂದೇನೇ ಹೇಳ್ಬೋದಿತ್ತು ನೀನು. ನನ್ನ ಒಳಗ್ ಕರ್ಕೊಂಡ್ ಹೋಗಿ ಹೇಳ್ದೆ. ಅಷ್ಟು ಸಾಕು ನಂಗೆ."

ಅಜ್ಜಿ ಅವಳ ಕೆನ್ನೆಯ ಮೇಲೆ ಒಣಗಿದ್ದ ಕಣ್ಣೀರು ಒರೆಸಿದರು. ಕೈಯಲ್ಲಿ ಸೋಪಿನ ವಾಸನೆ, ಹಾಲಿನ ವಾಸನೆ. ಹೊಗೆಸೊಪ್ಪಿನ ಘಾಟು ಇರಲಿಲ್ಲ. ಬೇರೆ ಯಾರದೋ ಕೈ ಅನ್ನಿಸಿತು ಮಾನಸಾಗೆ.

ಅವಳು ಅದನ್ನು ಹಿಡಿದುಕೊಂಡಳು. ಅದೇ ಒರಟು, ಅದೇ ಬಿಸುಪು. ಮನೆ ಬರುವವರೆಗೂ ಬಿಡಲಿಲ್ಲ.