ಚರಂಡಿ ಮೇಲಿನ ಅಂಗಡಿ

"ಅದನ್ನ ಅಳಿಸಿ."

ನಿಂಗ್ರುಮ್‌ಳ ಕೈಯಲ್ಲಿ ಎಣ್ಣೆ ತೊಟ್ಟಿಕ್ಕುವ ಜಾಲರಿ ಸೌಟು, ಕಣ್ಣಲ್ಲಿ ಬೆಂಕಿ. ಹುದುಗಿಸಿದ ಸೋಯಾ ಕಾಳಿನ ತೆಂಪೆ ಕರಿದು ಮಾರುವ ಅವಳ ಅಂಗಡಿ ನಿಂತಿದ್ದ ಚಪ್ಪಡಿಯ ಮೇಲೆ ಆ ಯುವಕ ಆಗಷ್ಟೇ ಕೆಂಪು ಗುರುತು ಹಾಕಿದ್ದ.

"ಇದರ ಕೆಳಗೆ ಚರಂಡಿ ಇದೆ," ಎಂದ ಮೆಲ್ಲಗೆ.

"ಗೊತ್ತು. ಮೇಲೆ ನಮ್ಮ ಅನ್ನ ಇದೆ."

ಅವನು ದಾಮರ್, ಸೆಮರಾಂಗ್ ನಗರದ ಮಳೆನೀರು ಕಾಲುವೆಗಳ ಎಂಜಿನಿಯರ್. ಜಗಳಕ್ಕೆ ನಿಲ್ಲಲಿಲ್ಲ. ಗಲ್ಲಿಯಲ್ಲಿ ನೀರು ಎಲ್ಲೆಲ್ಲಿ ನಿಲ್ಲುತ್ತದೆಂದು ಇಲ್ಲಿಯವರೇ ನಕ್ಷೆ ಬರೆಯಬೇಕು, ನೀವೂ ಬನ್ನಿ ಎಂದು ಕರೆದ. ಅವನ ಗುರುತೇ ತಪ್ಪೆಂದು ತೋರಿಸಲು ಅವಳು ಹೊರಟಳು.

ಮೂರು ವಾರ ಒಂದೇ ಕೊಡೆಯಡಿ ನಡೆದರು. ಅವಳು ಕೋಲಿಟ್ಟು ಆಳ ನೋಡಿದಳು, ಅವನು ಬರೆದುಕೊಂಡ. ಕೊಡೆ ಯಾವಾಗಲೂ ಅವಳ ಕಡೆಗೇ ವಾಲಿ, ಅವನ ಅರ್ಧ ಅಂಗಿ ದಿನಾ ಒದ್ದೆ.

'ಇವನಿಗೆ ನೆಗಡಿಯೂ ಆಗುವುದಿಲ್ಲವೇ...'

ಆ ಯೋಚನೆ ಮನೆಗೆ ಬಂದರೂ ಅವಳನ್ನು ಬಿಡಲಿಲ್ಲ.

ಗಲ್ಲಿಯ ಸಭೆಯಲ್ಲಿ ನಕ್ಷೆ ತೂಗುಹಾಕಿದರು. ನೀರಿನ ನೀಲಿ ಗೆರೆಗಳೆಲ್ಲ ಬಂದು ನಿಂತದ್ದು ಅವಳ ಅಂಗಡಿಯ ಹಿಂದೆ, ಚಪ್ಪಡಿಯಡಿ ಚರಂಡಿ ಕಟ್ಟಿಕೊಂಡಲ್ಲಿ. ಎಲ್ಲರ ಕಣ್ಣೂ ಅವಳ ಮೇಲೆ.

'ನನ್ನ ಕೈಯಿಂದಲೇ ಅಳತೆ ಮಾಡಿಸಿದ... ಇದಕ್ಕೇನಾ ಜೊತೆಗೆ ನಡೆದದ್ದು?'

ಅವನು ಏನೋ ಹೇಳಲು ಬಂದ. ಅವಳು ತಿರುಗಿಯೂ ನೋಡದೆ ಎದ್ದು ಹೋದಳು.

ಮುಂದಿನ ಮಳೆಗೆ ಅಂಗಡಿಯ ಹಿಂದಿನ ಮನೆಯ ತುಮಿನಿ ಅಜ್ಜಿ, ಮೊಣಕಾಲುದ್ದ ನೀರಿನ ನಡುವೆ ಊಟದ ಮೇಜಿನ ಮೇಲೆ ನಡುಗುತ್ತಾ ಕೂತಿದ್ದರು. ನಿಂಗ್ರುಮ್ ಅವರನ್ನು ಬೆನ್ನ ಮೇಲೆ ಹೊತ್ತು ತಂದಳು. ನೀರಿಳಿದ ಬೆಳಿಗ್ಗೆ ಅಂಗಡಿ ಬಿಚ್ಚಿಟ್ಟು, ಚಪ್ಪಡಿ ಒಡೆಯಿರಿ ಎಂದು ಅವಳೇ ಎಲ್ಲರನ್ನೂ ಕರೆದಳು.

ಆಗ ಅಜ್ಜಿ ಬಾಯಿಬಿಟ್ಟರು. ಸಭೆಗೆ ಎರಡು ದಿನ ಮುಂಚೆಯೇ ದಾಮರ್ ಬಂದು, ನಿಂಗ್ರುಮ್‌ಳ ಅಂಗಡಿಗೆ ನಿಮ್ಮ ಜಗಲಿಯಲ್ಲಿ ಜಾಗ ಕೊಡಿ ಎಂದು ಬೇಡಿದ್ದನಂತೆ. ಅಜ್ಜಿ ಒಪ್ಪಿದ್ದರು. ಅವಳಿಗೆ ತಾನೇ ಹೇಳುವುದಾಗಿ ಅವನು ಕೇಳಿಕೊಂಡಿದ್ದಕ್ಕೆ ಸುಮ್ಮನಿದ್ದರು.

ದಾಮರ್ ಚರಂಡಿಯೊಳಗಿಳಿದು ನೆರೆಯವರ ಜೊತೆ ಕೆಸರು ಎತ್ತುತ್ತಿದ್ದ. ಅವಳು ಅಂಚಿನಲ್ಲಿ ಕೂತಳು.

"ನೀರು ಕಟ್ಟೋದು ಇಲ್ಲೇ ಅಂತ ನಿಮಗೆ ಮೊದಲೇ ಗೊತ್ತಿತ್ತು ಅಲ್ವಾ?"

"ಅನುಮಾನ ಇತ್ತು. ನಕ್ಷೆ ಅರ್ಧ ಆದಾಗ ಖಾತ್ರಿ ಆಯ್ತು. ಹೇಳಿದ್ರೆ ಮರುದಿನ ನೀವು ಬರಲ್ಲ ಅಂತ... ಹೆದರಿದೆ."

"ಇನ್ಮೇಲೆ ಹೆದರಿಕೆ ಆದ್ರೂ ನನ್ ಹತ್ರ ಹೇಳ್ಬೇಕು."

"ಹಾಗಾದ್ರೆ ಒಂದು ಈಗ್ಲೇ ಇದೆ. ನಿಮ್ಮನ್ನ ಮದುವೆ ಆಗ್ಬೇಕು ಅಂತ ಆಸೆ. ಬೇಡ ಅಂದ್ಬಿಟ್ರೆ ಅಂತ ಹೆದರಿಕೆ..."

ಸನಿಕೆಗಳ ಸದ್ದೆಲ್ಲ ನಿಂತಿತು. ಅವಳು ಕೈಚಾಚಿ ಅವನನ್ನು ಮೇಲೆಳೆದುಕೊಂಡಳು.

"ಕಾಲು ತೊಳ್ಕೊಂಡು ಬನ್ನಿ," ಎಂದಳು ಮೆತ್ತಗೆ. "ನಮ್ಮಮ್ಮ ಮನೇಲೇ ಇದ್ದಾರೆ, ಅವ್ರನ್ನ ಕೇಳಿ."