ಕೆನ್ನೆ ಬೆಳೆಸುವ ಮಾತ್ರೆ

ಕೊತ್ತಂಬರಿ ಸೊಪ್ಪು ತರಲು ಕೆಳಗೆ ಹೋಗಿದ್ದ ಸುಮೇಧಾಳ ಕೆನ್ನೆಯನ್ನು ಲಿಫ್ಟ್‌ನಲ್ಲಿ ಸಿಕ್ಕ ಆಂಟಿ ಹಿಂಡಿಯೇ ಬಿಟ್ಟರು. ಮನೆಗೆ ಬಂದವಳೇ ಚೀಲ ಕುಕ್ಕಿದಳು.

“ಅಮ್ಮಾ, ನನ್ನ ಮೊದಲಿನ ಮುಖ ಯಾವಾಗ ವಾಪಸ್ ಬರ್ತದೆ?”

ಅಮ್ಮ ಉಪ್ಪು ಹಾಕದ ದೋಸೆ ಮಗುಚುತ್ತ, ಎಂದಿನಂತೆ ಸಮಾಧಾನ ಹೇಳಿದಳು. ಕಿಡ್ನಿ ಕಾಯಿಲೆಗೆ ಸ್ಟೀರಾಯ್ಡ್ ಮಾತ್ರೆ ಬೇಕೇ ಬೇಕು. ಮುಖ ಉಬ್ಬುವುದು, ಸಿಕ್ಕಾಪಟ್ಟೆ ಹಸಿವು, ಸಿಟ್ಟು, ಎಲ್ಲ ಅದರದ್ದೇ ಆಟ. ಡಾಕ್ಟರು ಡೋಸ್ ಇಳಿಸಿದಂತೆ ಮುಖವೂ ಇಳಿಯುತ್ತದೆ.

“ಸಿಟ್ಟು ಮಾತ್ರ ಇಳಿಯುದು ಡೌಟು. ಅದು ಹುಟ್ಟಿದಾಗಿಂದ ಉಂಟು,” ಎಂದಳು ಅಮ್ಮ.

ಉಡುಪಿಯಿಂದ ಬಂದಿದ್ದ ಅಜ್ಜಿಗೆ ಮಾತ್ರ ಹಿಗ್ಗೋ ಹಿಗ್ಗು. ಅಪ್ಪನ ಹೋಟೆಲಿನ ಮಸಾಲೆದೋಸೆಯನ್ನೂ ಮೂಸಿ ಬಿಡುತ್ತಿದ್ದ ಹುಡುಗಿ, ಈಗ ನಾಲ್ಕನೇ ದೋಸೆ ಕೇಳುತ್ತಾಳೆ.

ಸುಮೇಧಾಳ ಅಂಗೈಯಲ್ಲಿ ಮಾತ್ರೆ ಇಟ್ಟ ಅಮ್ಮ, ನಲ್ಲಿಯಲ್ಲಿ ನೀರು ಬಂತೆಂದು ಬಚ್ಚಲಿಗೆ ಓಡಿದಳು. ಅಜ್ಜಿ ಹತ್ತಿರ ಸರಿದರು.

“ಠಾಕುರ್ಲಿಯಲ್ಲಿರುವ ನಮ್ಮ ವಿಶ್ರುತ ಕಡ್ಡಿಯ ಹಾಗೆ ಸಪೂರ ಮಾರಾಯ್ತಿ. ಇದೊಂದು ಅವನಿಗೆ ಕೊಡುವ. ಅಮ್ಮನಿಗೆ ಹೇಳುದು ಬೇಡ.”

ಸುಮೇಧಾಳಿಗೂ ಅಷ್ಟೇ ಬೇಕಿತ್ತು. ಮಾತ್ರೆ ಅಜ್ಜಿಯ ಸೆರಗಿನ ಗಂಟು ಸೇರಿತು. ಚಿಕ್ಕಪ್ಪನ ಮಗ ವಿಶ್ರುತನ ಮುಖ ಉಬ್ಬಿ ಕ್ರಿಕೆಟ್ ಹೆಲ್ಮೆಟ್ಟಿನೊಳಗೆ ಸಿಕ್ಕಿಕೊಂಡಂತೆ ನೆನೆದು ಅವಳಿಗೆ ನಗು ಬಂತು.

ಅಜ್ಜಿ ಠಾಕುರ್ಲಿಗೆ ಹೊರಟು ಬಾಗಿಲಲ್ಲಿ ಚಪ್ಪಲಿಗೆ ಕಾಲು ತೂರಿಸತೊಡಗಿದರು. ಸುಮೇಧಾಳ ನಗು ಅಲ್ಲೇ ನಿಂತಿತು.

ಮಾತ್ರೆ ಶುರುವಾಗುವ ಮೊದಲು ಅವಳ ಪಾದಗಳು ಬನ್ನಿನಂತೆ ಊದಿದ್ದವು. ಯಾವ ಚಪ್ಪಲಿಯೂ ಹಿಡಿಸುತ್ತಿರಲಿಲ್ಲ. ಕಣ್ಣು ತೆರೆಯಲೂ ಆಗದ ಅವಳನ್ನು ಅಮ್ಮ ಬರಿಗಾಲಲ್ಲೇ ಎತ್ತಿಕೊಂಡು ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದಳು.

“ಅಜ್ಜೀ, ಅದನ್ನು ಕೊಡಿ. ಅದು ಟಾನಿಕ್ ಅಲ್ಲ.”

“ಮತ್ತೆ ಈ ಕೆನ್ನೆ?”

“ಇದು ಬಾಡಿಗೆಗೆ ಬಂದದ್ದು. ಸ್ವಲ್ಪ ದಿನ ಇದ್ದು ಹೋಗ್ತದೆ. ವಿಶ್ರುತನಿಗೆ ಕಾಯಿಲೆಯೇ ಇಲ್ಲ. ಅವನು ತಿಂದ್ರೆ ಅವನಿಗೆ ತೊಂದರೆ, ನಾನು ಬಿಟ್ರೆ ನನಗೆ.”

ಅಜ್ಜಿ ಚಪ್ಪಲಿ ಕಳಚಿ ಸೆರಗು ಹಿಡಿದುಕೊಂಡರು. ಗಂಟು ಬಿಚ್ಚಲು ಸ್ವಲ್ಪ ಹೊತ್ತೇ ಹಿಡಿಯಿತು.

ಬಚ್ಚಲ ಬಾಗಿಲಲ್ಲಿ ಒದ್ದೆ ಕೈಯಲ್ಲಿ ನಿಂತಿದ್ದ ಅಮ್ಮ ಎಲ್ಲ ಕೇಳಿಸಿಕೊಂಡಿದ್ದಳು. ಬೈಯಲಿಲ್ಲ. ಲೋಟದಲ್ಲಿ ನೀರು ತಂದುಕೊಟ್ಟಳು.

ಸುಮೇಧಾ ಕಹಿಗೆ ಮುಖ ಕಿವುಚಿ ಮಾತ್ರೆ ನುಂಗಿದಳು. ಆಮೇಲೆ ಬಗ್ಗಿ, ತನ್ನ ತೆಳ್ಳನೆಯ ಕಾಲ್ಬೆರಳುಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡಿದಳು.